ಮಲಾಕಿಯನ ಉಳಿದರ್ಧ ವಚನ: ಕ್ರೈಸ್ತಳಾಗಿ ವಿಚ್ಛೇದನ ಪಡೆದ ನನ್ನ ಅನುಭವ

2015ರ ಜೂನ್ ತಿಂಗಳ ಒಂದು ರಾತ್ರಿ ಎಂಟು ವರ್ಷದ ಮಗನನ್ನು ಕರೆದುಕೊಂಡು ಗಂಡನ ಮನೆಯಿಂದ ಧಾರವಾಡದ ತವರಿಗೆ ಬಂದೆ. ಎಡಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಆರು ತಿಂಗಳ ಹಿಂದೆಯೂ ಹೀಗೆಯೇ ಬಂದಿದ್ದೆ. ಆಗ ನಮ್ಮ ಸಭಾಪಾಲಕರು, ಅಂದರೆ ಚರ್ಚಿನ ಪಾದ್ರಿಗಳು, ಮನೆಗೆ ಬಂದು ಪ್ರಾರ್ಥನೆ ಮಾಡಿ, ಬೈಬಲಿನ ಹಳೆಯ ಒಡಂಬಡಿಕೆಯಲ್ಲಿರುವ ಪ್ರವಾದಿ ಮಲಾಕಿಯನ ಗ್ರಂಥ ತೆರೆದು, ಪತ್ನೀತ್ಯಾಗವನ್ನು ದೇವರು ಹಗೆಮಾಡುತ್ತಾನೆ ಎಂದು ಓದಿ, ನನ್ನನ್ನು ವಾಪಸು ಕಳಿಸಿದ್ದರು. ಅಪ್ಪ ಮರುಮಾತಾಡಲಿಲ್ಲ. ನಮ್ಮದು ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತರಾದ ಮನೆತನ. ವಿಚ್ಛೇದನ ಎಂಬ ಪದವನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಎರಡನೆಯ ಸಲ ಬಂದಾಗ ಆ ವಚನವನ್ನು ನಾನೇ ತೆರೆದೆ. ಮಲಾಕಿಯ 2ನೆಯ ಅಧ್ಯಾಯ, 16ನೆಯ ವಚನ. ಅದು ಸಭಾಪಾಲಕರು ನಿಲ್ಲಿಸಿದಲ್ಲಿ ಮುಗಿಯುವುದಿಲ್ಲ. ಒಬ್ಬನು ತನ್ನ ವಸ್ತ್ರವನ್ನು ಬಲಾತ್ಕಾರದಿಂದ ತುಂಬಿಸಿಕೊಳ್ಳುವುದರ ಮೇಲೂ, ಅಂದರೆ ಹಿಂಸೆಯನ್ನೇ ಬಟ್ಟೆಯಂತೆ ತೊಡುವುದರ ಮೇಲೂ, ಅದೇ ಉಸಿರಿನಲ್ಲಿ ಖಂಡನೆ ಇದೆ. ಅದರ ಹಿಂದಿನ ವಚನಗಳನ್ನು ಓದಿದರೆ ಇದೆಲ್ಲ ಯಾರಿಗೆ ಹೇಳಿದ ಮಾತು ಎಂಬುದೂ ತಿಳಿಯುತ್ತದೆ: ಯೌವನದಲ್ಲಿ ಕೈಹಿಡಿದ ಹೆಂಡತಿಗೆ ದ್ರೋಹ ಮಾಡಿದ ಗಂಡಸರಿಗೆ. ಮೂಲ ಹೀಬ್ರೂ ವಾಕ್ಯವೇ ಕಠಿಣವಾದದ್ದು, ಅನುವಾದಗಳು ಒಂದೇ ರೀತಿ ಇಲ್ಲ. ಯಾವ ಅನುವಾದ ಹಿಡಿದರೂ ಪೆಟ್ಟು ತಿಂದವಳನ್ನು ಪೆಟ್ಟು ಕೊಟ್ಟವನ ಬಳಿಗೆ ಕಳಿಸುವ ಆಜ್ಞೆ ನನಗೆ ಅಲ್ಲಿ ಕಾಣಲಿಲ್ಲ.

ಅಂದಿನಿಂದ ಸುಮಾರು ಒಂದು ವರ್ಷ ನಾನು ಮಾಡಿದ್ದು ಓದು. ಶಾಲೆಯ ಕೆಲಸ ಮುಗಿಸಿ, ಮಗನನ್ನು ಮಲಗಿಸಿ, ಅಪ್ಪನ ಹಳೆಯ ಬೈಬಲನ್ನು ಮುಂದಿಟ್ಟುಕೊಂಡು ಕೂರುತ್ತಿದ್ದೆ. ನನಗೆ ಅನುಕೂಲವಾದ ವಚನಗಳನ್ನು ಮಾತ್ರ ಹೆಕ್ಕಿಕೊಳ್ಳಬಾರದು ಎಂದು ಮೊದಲೇ ನಿಶ್ಚಯಿಸಿದ್ದೆ. ಅದಕ್ಕೇ ಎಲ್ಲಕ್ಕಿಂತ ಗಟ್ಟಿಯಾದ ಮಾತಿನಿಂದ ಶುರುಮಾಡಿದೆ. ದೇವರು ಕೂಡಿಸಿದ್ದನ್ನು ಮನುಷ್ಯರು ಅಗಲಿಸಬಾರದು ಎಂದವನು ಸ್ವತಃ ಯೇಸು. ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳ ಪೈಕಿ ಮಾರ್ಕ 10 ಮತ್ತು ಲೂಕ 16ನೆಯ ಅಧ್ಯಾಯಗಳಲ್ಲಿ ವಿಚ್ಛೇದನಕ್ಕೆ ಯಾವ ವಿನಾಯಿತಿಯೂ ಇಲ್ಲ. ಮತ್ತಾಯ 5 ಮತ್ತು 19ರಲ್ಲಿ ಹಾದರದ ಕಾರಣ ಒಂದನ್ನು ಬಿಟ್ಟುಕೊಡಲಾಗಿದೆ. ನನ್ನ ಗಂಡ ಹಾದರ ಮಾಡಿದವನಲ್ಲ. ಆ ರಾತ್ರಿ ಬೈಬಲ್ ಮುಚ್ಚಿ ಅತ್ತಿದ್ದೇನೆ.

ದಾರಿ ತೆರೆದದ್ದು ಫರಿಸಾಯರ, ಅಂದರೆ ಯೇಸುವಿನ ಕಾಲದ ಒಂದು ಕಟ್ಟುನಿಟ್ಟಿನ ಯೆಹೂದಿ ಪಂಗಡದವರ, ಪ್ರಶ್ನೆಯನ್ನು ಸರಿಯಾಗಿ ಓದಿದ ಮೇಲೆ. ಮತ್ತಾಯ 19ರಲ್ಲಿ ಅವರು ಕೇಳುವುದು, ಯಾವುದೋ ಒಂದು ಕಾರಣಕ್ಕೆ ಹೆಂಡತಿಯನ್ನು ಬಿಡಬಹುದೇ ಎಂದು. ಆ ಕಾಲದ ಯೆಹೂದಿ ಪಂಡಿತರಲ್ಲಿ ಇದು ದೊಡ್ಡ ವಾದವಾಗಿತ್ತು. ಮೋಶೆಯ ಧರ್ಮಶಾಸ್ತ್ರದ ಗ್ರಂಥವಾದ ಧರ್ಮೋಪದೇಶಕಾಂಡ 24ರಲ್ಲಿ ಗಂಡ ಹೆಂಡತಿಯಲ್ಲಿ ಅವಲಕ್ಷಣ ಕಂಡರೆ ತ್ಯಾಗಪತ್ರ ಬರೆದುಕೊಡುವ ಮಾತಿದೆಯಲ್ಲ, ಆ ಅವಲಕ್ಷಣ ಏನು? ಶಮ್ಮಾಯಿಯ ಪಂಥದವರು ನಡತೆಗೆಟ್ಟದ್ದು ಮಾತ್ರ ಎಂದರು. ಹಿಲ್ಲೇಲನ ಪಂಥದವರು ಅಡುಗೆ ಸೀದರೂ ಸಾಕು ಎಂದರು. ಬಿಡುವ ಅಧಿಕಾರವೆಲ್ಲ ಗಂಡಸಿನ ಕೈಯಲ್ಲಿದ್ದ ಸಮಾಜದಲ್ಲಿ, ಅನ್ನ ಸೀದದ್ದಕ್ಕೆ ಬೀದಿಗೆ ಬೀಳಬಹುದಾಗಿದ್ದ ಹೆಂಗಸಿನ ಪರವಾಗಿ ಯೇಸು ಉತ್ತರ ಕೊಟ್ಟನು. ಮೋಶೆ ಅಪ್ಪಣೆ ಕೊಟ್ಟದ್ದು ನಿಮ್ಮ ಮೊಂಡತನವನ್ನು ನೋಡಿ ಎಂದನು. ಆ ಮೊಂಡತನವನ್ನು ನಾನು ಒಂಬತ್ತು ವರ್ಷ ಕಂಡಿದ್ದೆ. ನನ್ನಂಥವಳ ಕಾವಲಿಗೆ ಆಡಿದ ಮಾತನ್ನು ನನ್ನ ಕೈಗೇ ಬೇಡಿಯಾಗಿ ತೊಡಿಸಿದ್ದರು ಎಂಬುದು ಅರ್ಥವಾದಾಗ ಬಂದ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ.

ಆಮೇಲೆ ಅದೇ ಧರ್ಮಶಾಸ್ತ್ರದ ಇನ್ನೊಂದು ಗ್ರಂಥ, ವಿಮೋಚನಕಾಂಡ 21. ದಾಸಿಯಾಗಿ ಬಂದು ಹೆಂಡತಿಯಾದವಳಿಗೂ ಅನ್ನ, ಬಟ್ಟೆ, ದಾಂಪತ್ಯದ ಹಕ್ಕು ಈ ಮೂರನ್ನು ಕಡಿಮೆಮಾಡಬಾರದು, ಮಾಡಿದರೆ ಅವಳು ಹಣ ಕೊಡದೆ ಬಿಡುಗಡೆಯಾಗಿ ಹೋಗಬಹುದು ಎಂದು ಅಲ್ಲಿದೆ. ಯೆಹೂದಿ ಪಂಡಿತರು ಈ ಕರ್ತವ್ಯಗಳನ್ನು ಎಲ್ಲ ಹೆಂಡತಿಯರಿಗೂ ಅನ್ವಯಿಸಿದರು. ದಾಸಿಗೇ ಇಷ್ಟು ಹಕ್ಕಿದ್ದರೆ ಮದುವೆಯ ಪ್ರಮಾಣದಲ್ಲಿ ಪ್ರೀತಿಸಿ ಪೋಷಿಸುತ್ತೇನೆಂಬ ಮಾತು ಪಡೆದವಳಿಗೆ ಇಲ್ಲವೇ?

ಅಪೊಸ್ತಲ ಪೌಲನು ಕೊರಿಂಥದ ಸಭೆಗೆ ಬರೆದ ಪತ್ರದ ಭಾಗವಾದ 1 ಕೊರಿಂಥ 7 ನನಗೆ ಕಟ್ಟುನಿಟ್ಟಾಗಿಯೂ ಕರುಣೆಯಾಗಿಯೂ ಕಂಡಿತು. ನಂಬದ ಸಂಗಾತಿ ಅಗಲಿಹೋದರೆ ಹೋಗಲಿ, ಸಹೋದರನಾಗಲಿ ಸಹೋದರಿಯಾಗಲಿ ಬದ್ಧರಲ್ಲ, ದೇವರು ನಮ್ಮನ್ನು ಸಮಾಧಾನದಲ್ಲಿರಲು ಕರೆದಿದ್ದಾನೆ ಎನ್ನುತ್ತಾನೆ. ಅದಕ್ಕೂ ಮೊದಲು ಅಗಲಿದ ಹೆಂಡತಿ ಮದುವೆಯಿಲ್ಲದೆ ಇರಲಿ, ಇಲ್ಲವೆ ಗಂಡನೊಂದಿಗೆ ಸಮಾಧಾನವಾಗಲಿ ಎಂದೂ ಹೇಳುತ್ತಾನೆ. ಹಾಗಾಗಿ ಬೈಬಲ್ ವಿಚ್ಛೇದನವನ್ನು ಖಡಾಖಂಡಿತವಾಗಿ ನಿಷೇಧಿಸುತ್ತದೆಯೇ ಎಂದು ಕೇಳಿದರೆ ಇಲ್ಲ ಎನ್ನುತ್ತೇನೆ. ಅದು ಹಗುರವಾಗಿ ಬಿಟ್ಟುಕೊಡುತ್ತದೆಯೇ ಎಂದರೆ ಅದೂ ಇಲ್ಲ.

2016ರಲ್ಲಿ ಕೌಟುಂಬಿಕ ನ್ಯಾಯಾಲಯಕ್ಕೆ ಅರ್ಜಿ ಹಾಕಿದೆ. ಆಗ ನೆನಪಾದವರು ನನ್ನ ಚಿಕ್ಕಮ್ಮ. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯಲ್ಲಿ ಆಕೆಯ ಕಾಲಕ್ಕೆ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದೇ ಸಾಕಿತ್ತು. ಹೆಂಡತಿಯಾದವಳು ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ಸಾಬೀತುಮಾಡಬೇಕಿತ್ತು. ಬರೀ ಹೊಡೆತಕ್ಕೆ ಸಿಗುತ್ತಿದ್ದುದು ನ್ಯಾಯಿಕ ಬೇರ್ಪಡೆ, ಅಂದರೆ ಮದುವೆ ಮುರಿಯದೆಯೇ ಬೇರೆಯಿರಲು ಕೋರ್ಟಿನ ಆದೇಶ, ಮಾತ್ರ. ಚಿಕ್ಕಮ್ಮ ಅದನ್ನೂ ಕೇಳಲಿಲ್ಲ. ತವರಿನ ಹಿಂಬದಿ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತ ಬದುಕು ಕಳೆದರು. 2001ರ ತಿದ್ದುಪಡಿ ಈ ತಾರತಮ್ಯವನ್ನು ತೆಗೆದು ಕ್ರೌರ್ಯ ಒಂದನ್ನೇ ಸಾಕಾದ ಕಾರಣವಾಗಿಸಿತು, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ ದಾರಿಮಾಡಿತು. ಅದಕ್ಕೆ ಎರಡು ವರ್ಷ ಬೇರೆಯಿರಬೇಕೆಂಬ ಷರತ್ತನ್ನು ಒಂದು ವರ್ಷ ಎಂದು ಓದಿಕೊಳ್ಳಬೇಕೆಂದು ಕರ್ನಾಟಕ ಹೈಕೋರ್ಟ್ 2014ರಲ್ಲಿ ಹೇಳಿತ್ತು. ನನ್ನದು ಕ್ರೌರ್ಯದ ಅರ್ಜಿ. ಆಸ್ಪತ್ರೆಯ ಚೀಟಿ, ಎಕ್ಸ್‌ರೇ, ಸಭೆಯ ವಿವಾಹ ನೋಂದಣಿ ಪುಸ್ತಕದ ದೃಢೀಕೃತ ನಕಲು ಕೊಟ್ಟೆ. ನಕಲು ಬರೆದುಕೊಟ್ಟವರು ನನ್ನನ್ನು ವಾಪಸು ಕಳಿಸಿದ್ದ ಅದೇ ಸಭಾಪಾಲಕರು. ಮುದ್ರೆ ಒತ್ತಿ, ಕಾಗದ ಕೊಟ್ಟು, ತಲೆತಗ್ಗಿಸಿ, "ಕೈ ಈಗ ಹೇಗಿದೆ ಅಮ್ಮಾ?" ಎಂದು ಕೇಳಿದರು. 2018ರಲ್ಲಿ ತೀರ್ಪು ಬಂತು, ಮಗ ನನ್ನ ಬಳಿಯೇ ಉಳಿದ.

ನನ್ನೊಂದಿಗೆ ಪಾಠ ಮಾಡುವ ಕಥೋಲಿಕ ಗೆಳತಿಯ ಹಾದಿ ಇನ್ನೂ ಉದ್ದ. ಅವರ ಸಭೆಯ ಪ್ರಕಾರ ಸಿಂಧುವಾಗಿ ನಡೆದು ದೈಹಿಕ ದಾಂಪತ್ಯದಿಂದ ಪೂರ್ಣಗೊಂಡ ಸಂಸ್ಕಾರದ ಮದುವೆಯನ್ನು ಯಾರೂ ಮುರಿಯಲಾರರು; ಮದುವೆ ಮೊದಲಿನಿಂದಲೂ ಅಸಿಂಧುವಾಗಿತ್ತು ಎಂದು ಧರ್ಮಪ್ರಾಂತ್ಯದ ನ್ಯಾಯಮಂಡಳಿ ಹೇಳಬೇಕು. 2015ರಲ್ಲಿ ಪೋಪ್ ಫ್ರಾನ್ಸಿಸ್ ಈ ಕ್ರಮವನ್ನು ಸರಳಗೊಳಿಸಿದರು. ಆದರೆ ನಮ್ಮ ದೇಶದ ಕಾನೂನಿಗೆ ಆ ತೀರ್ಪು ಸಾಲದು ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿರುವುದರಿಂದ ಆಕೆ ಎರಡೂ ಕಡೆ ಅಲೆಯುತ್ತಿದ್ದಾಳೆ. ಅಪಾಯವಿರುವಾಗ ಬೇರೆಯಿರಲು ಮಾತ್ರ ಅವರ ಸಭೆಯ ಕಾನೂನೂ ಅಡ್ಡಿಮಾಡುವುದಿಲ್ಲ.

ನಾನು ಮರುಮದುವೆ ಆಗಿಲ್ಲ. ಪೌಲನ ಮಾತನ್ನು ನನ್ನ ಮಟ್ಟಿಗೆ ಹಾಗೆ ಪಾಲಿಸುತ್ತಿದ್ದೇನೆ. ಇನ್ನೊಬ್ಬಳ ಮೇಲೆ ಅದನ್ನು ಹೇರುವುದಿಲ್ಲ. ಯೆಹೂದಿ ತ್ಯಾಗಪತ್ರದ ಮುಖ್ಯ ಸಾಲೇ ನೀನು ಬೇರೊಬ್ಬನನ್ನು ವರಿಸಲು ಸ್ವತಂತ್ರಳು ಎಂದಿರುತ್ತಿತ್ತು ಎಂಬುದನ್ನು ಮರೆಯಬಾರದು.

ಈಗ ಆರಾಧನೆ ಮುಗಿದ ಮೇಲೆ ಕೆಲವೊಮ್ಮೆ ಯಾರಾದರೂ ಹೆಂಗಸರು ನನಗಾಗಿ ಕಾದು ನಿಲ್ಲುತ್ತಾರೆ. ಮೊದಲು ಕೇಳುವುದು, ಇಂದು ರಾತ್ರಿ ನೀನೂ ಮಕ್ಕಳೂ ಎಲ್ಲಿ ಮಲಗುತ್ತೀರಿ ಎಂದು. ಅದು ಇತ್ಯರ್ಥವಾದ ಮೇಲೆ ಬೈಬಲ್ ತೆರೆದು ಮಲಾಕಿಯನ ಆ ವಚನವನ್ನು ಅವರ ಬಾಯಿಂದಲೇ ಕೊನೆಯತನಕ ಓದಿಸುತ್ತೇನೆ.