ಕಡಲ ಸಂಶೋಧನೆಗೆ ಜಂಟಿ ಅರ್ಜಿ: ಬಜೆಟ್ ಪುಟದಿಂದ ಶುರುಮಾಡಿ

ಕರಾವಳಿಯ ಕಾಲೇಜುಗಳವರು ಬರೆದ ಸಂಶೋಧನಾ ಅರ್ಜಿಗಳನ್ನು ಓದಿ ತಿದ್ದಿಕೊಡುವ ಕೆಲಸ ಎಷ್ಟೋ ವರ್ಷಗಳಿಂದ ನನಗೆ ಅಂಟಿಕೊಂಡಿದೆ. ‘ಮೀನುಗಾರ ಸಮುದಾಯದ ಸಹಭಾಗಿತ್ವ’ ಎಂಬ ಮಾತು ಪುಟಕ್ಕೆರಡು ಸಲ ಬರುತ್ತದೆ. ಕೊನೆಯ ಬಜೆಟ್ ಪುಟ ತೆರೆದರೆ ಆ ಸಮುದಾಯದ ಹೆಸರಿನಲ್ಲಿ ಇರುವುದು ಸಭೆಯ ದಿನದ ಚಹಾ ಖರ್ಚು ಮಾತ್ರ. ಆದ್ದರಿಂದ ನಾನು ಯಾವ ಅರ್ಜಿಯನ್ನಾದರೂ ಹಿಂದಿನಿಂದಲೇ ಓದುತ್ತೇನೆ. ಬರೆಯುವವರೂ ಹಿಂದಿನಿಂದಲೇ ಬರೆಯಲಿ.

ಮೊದಲು, ಪ್ರಶ್ನೆಯನ್ನು ಒಂದು ಅಳಿವೆಗೆ ಇಳಿಸಿ

‘ಅರಬ್ಬಿ ಸಮುದ್ರದ ಮೇಲೆ ಹವಾಮಾನ ಬದಲಾವಣೆಯ ಪರಿಣಾಮ’ ಎಂಬುದು ಭಾಷಣದ ವಿಷಯ, ಪ್ರಶ್ನೆಯಲ್ಲ. 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ, ಅಘನಾಶಿನಿ ನದಿ ಕಡಲು ಸೇರುವ ಅಳಿವೆಯನ್ನು ತೆಗೆದುಕೊಳ್ಳಿ. ಒಂದು ಕಡೆ ಉಪ್ಪು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು, ಇನ್ನೊಂದು ಕಡೆ ನೀರಿಳಿದಾಗ ಬಳಚು ಎಂಬ ಚಿಪ್ಪುಜೀವಿ ಹೆಕ್ಕುವ ಕುಟುಂಬಗಳು. ನೀರಿನ ಉಪ್ಪಿನಂಶ ಬದಲಾದರೆ ಈ ಇಬ್ಬರ ಬದುಕಿನಲ್ಲಿ ಏನೇನು ಬದಲಾಗುತ್ತದೆ? ಇದು ಪ್ರಶ್ನೆ. ಇದಕ್ಕೆ ನೀರನ್ನು ಅಳೆಯುವವರೂ ಬೇಕು, ಮನೆಮನೆಗೆ ಹೋಗಿ ಮಾತನಾಡಿಸುವವರೂ ಬೇಕು. ‘ಜಂಟಿ’ ಎಂಬ ಪದವನ್ನು ಬೇರೆ ಸಮರ್ಥಿಸಬೇಕಾಗಿಲ್ಲ.

ಹಣ ಎಲ್ಲಿದೆ ನೋಡಿ

2009ರಲ್ಲಿ ಆರಂಭವಾದ ಬೆಲ್ಮಾಂಟ್ ಫೋರಂ ಎಂಬುದು ಪರಿಸರ ಬದಲಾವಣೆಯ ಸಂಶೋಧನೆಗೆ ಹಣ ಕೊಡುವ ಹಲವು ದೇಶಗಳ ಸಂಸ್ಥೆಗಳ ಕೂಟ. ಭಾರತದಿಂದ ಭೂ ವಿಜ್ಞಾನ ಸಚಿವಾಲಯ ಅದರಲ್ಲಿದೆ. ಅದಕ್ಕೆ ಅರ್ಜಿ ಹಾಕಲು ಸಾಮಾನ್ಯವಾಗಿ ಕನಿಷ್ಠ ಮೂರು ದೇಶಗಳ ತಂಡ, ನಿಸರ್ಗ ವಿಜ್ಞಾನಿಗಳು, ಸಮಾಜ ವಿಜ್ಞಾನಿಗಳು, ಜೊತೆಗೆ ಆ ಬದಲಾವಣೆಯನ್ನು ಅನುಭವಿಸುತ್ತಿರುವ ಜನ, ಇಷ್ಟು ಒಟ್ಟಾಗಿರಬೇಕು. ಅದು ಒಂದೇ ಥೈಲಿಯಿಂದ ಎಲ್ಲರಿಗೂ ಹಂಚುವುದಿಲ್ಲ. ಆಯಾ ದೇಶದ ಸಂಸ್ಥೆ ತನ್ನ ದೇಶದವರಿಗೆ ತನ್ನ ನಿಯಮದಂತೆ ಕೊಡುತ್ತದೆ. ಹಾಗಾಗಿ ಅರ್ಜಿ ಕರೆಯುವ ಪ್ರಕಟಣೆಯ ಜೊತೆ ಬರುವ ನಮ್ಮ ದೇಶದ ಅನುಬಂಧವನ್ನು ಎರಡು ಸಲ ಓದಿ. ಇಷ್ಟು ದೊಡ್ಡ ತಂಡ ಕಟ್ಟಲಾಗದಿದ್ದರೆ ಕೇಂದ್ರ ಸರ್ಕಾರದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವಿದೆ, ಸಮಾಜ ವಿಜ್ಞಾನದ ಭಾಗಕ್ಕೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ (ಐಸಿಎಸ್‌ಎಸ್‌ಆರ್) ಇದೆ. 2021ರಿಂದ 2030ರವರೆಗಿನ ವಿಶ್ವಸಂಸ್ಥೆಯ ಸಾಗರ ವಿಜ್ಞಾನ ದಶಕದ ಮಾನ್ಯತೆ ಸಿಕ್ಕರೆ ಹಣವೂ ಸಿಕ್ಕಿತು ಎಂದು ನಂಬಿದವರನ್ನು ಕಂಡಿದ್ದೇನೆ. ಮಾನ್ಯತೆಯಿಂದ ಗೌರವ ಬರುತ್ತದೆ, ಹಣ ಬರುವುದಿಲ್ಲ.

ಪಾಲುದಾರರನ್ನು ಆರಿಸುವಾಗ ಇಮೇಲಿಗೆ ಎರಡು ದಿನದಲ್ಲಿ ಉತ್ತರಿಸುವವರನ್ನು ಆರಿಸಿ. ದೊಡ್ಡ ಹೆಸರು ಆಮೇಲೆ.

ಬಜೆಟ್: ಇಲ್ಲಿಯೇ ಎಲ್ಲರೂ ಎಡವುವುದು

ಒಂದು ಸಲ ಮೀನು ಮಾರುವ ಮಹಿಳೆಯರ ಸಭೆಯನ್ನು ಬೆಳಿಗ್ಗೆ ಹತ್ತು ಗಂಟೆಗೆ ಕರೆದಿದ್ದರು. ಯಾರೂ ಬರಲಿಲ್ಲ. ವರದಿಯಲ್ಲಿ ‘ಸಮುದಾಯದ ನಿರಾಸಕ್ತಿ’ ಎಂದು ಬರೆದರು. ಅದು ಅವರ ವ್ಯಾಪಾರದ ಹೊತ್ತು. ಪ್ರಾಧ್ಯಾಪಕರಿಗೆ ಸಂಬಳವಿದೆ, ಆಕೆಗೆ ಬುಟ್ಟಿಯಲ್ಲಿ ಕರಗುವ ಮಂಜುಗಡ್ಡೆಯಿದೆ. ಸಭೆಗೆ ಬಂದರೆ ಆ ದಿನ ಎಷ್ಟು ಕಳೆದುಕೊಳ್ಳುತ್ತೀರಿ ಎಂದು ಅವರನ್ನೇ ಕೇಳಿ. ಆ ಮೊತ್ತವನ್ನು ಬರುವವರ ಸಂಖ್ಯೆಯಿಂದಲೂ ಸಭೆಗಳ ಸಂಖ್ಯೆಯಿಂದಲೂ ಗುಣಿಸಿ ಬಜೆಟ್ಟಿನ ಮೊದಲ ಸಾಲಿಗೆ ಬರೆಯಿರಿ. ನಿಮ್ಮ ಪಾಲಿನ ಒಟ್ಟು ಮೊತ್ತದಲ್ಲಿ ಐದರಲ್ಲೊಂದು ಭಾಗವಾದರೂ ದಡದವರ ಕೈಸೇರದಿದ್ದರೆ ಅರ್ಜಿಯಲ್ಲಿ ‘ಸಹಭಾಗಿತ್ವ’ ಎಂಬ ಪದ ಬಳಸಬೇಡಿ ಎಂಬುದು ನನ್ನ ಹಟ.

ಮುಂದಿನ ತೊಡಕು ಖರ್ಚಿನ ಶೀರ್ಷಿಕೆಯದು. ಸರ್ಕಾರಿ ನಮೂನೆಯಲ್ಲಿ ಮಾನವಶಕ್ತಿ, ಉಪಕರಣ, ಪ್ರಯಾಣ, ಸಾದಿಲ್ವಾರು (ಚಿಲ್ಲರೆ ಖರ್ಚು) ಎಂದಿರುತ್ತದೆಯೇ ಹೊರತು ‘ಮೀನುಗಾರ’ ಎಂದಿರುವುದಿಲ್ಲ. ಸಾದಿಲ್ವಾರಿನಲ್ಲಿ ತುರುಕಿದರೆ ಮೊದಲ ಕತ್ತರಿ ಬೀಳುವುದೇ ಅಲ್ಲಿ. ಉಪ್ಪಿನಂಶ ದಾಖಲಿಸುವ, ಹಿಡಿದ ಮೀನಿನ ಲೆಕ್ಕ ಬರೆದಿಡುವ ಊರಿನವರನ್ನು ‘ಕ್ಷೇತ್ರ ಸಹಾಯಕರು’ ಎಂದು ಮಾನವಶಕ್ತಿಯಡಿ ತೋರಿಸಿ. ದೋಣಿ ಬಾಡಿಗೆಯಲ್ಲಿ ಇಂಧನದ ಜೊತೆ ದೋಣಿಯವರ ಪಾಲನ್ನೂ ಸೇರಿಸಿ. ನಿಮ್ಮನ್ನು ಕೂರಿಸಿಕೊಂಡ ದಿನ ಅವರು ಬಲೆ ಬಿಡುವುದಿಲ್ಲ.

ಹಣ ಮಂಜೂರಾದ ಮೇಲೆ ನಾಡದೋಣಿಗೆ ಮೂರು ಕೊಟೇಶನ್ ತನ್ನಿ ಎಂದು ಲೆಕ್ಕಪತ್ರ ವಿಭಾಗ ಕೇಳಿ, ಕೆಲಸ ಒಂದು ಋತು ಹಿಂದೆ ಬಿದ್ದದ್ದನ್ನು ನೋಡಿದ್ದೇನೆ. ಆದ್ದರಿಂದ ಅರ್ಜಿ ಬರೆಯುವಾಗಲೇ ಹಣಕಾಸು ಅಧಿಕಾರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದರವನ್ನು ಬರಹದಲ್ಲಿ ಒಪ್ಪಿಸಿ. ಊರಿನ ಮೀನುಗಾರರ ಸಹಕಾರ ಸಂಘದ ಮೂಲಕ ದೋಣಿ ಗೊತ್ತುಮಾಡಿದರೆ ಇನ್ನೂ ಒಳ್ಳೆಯದು. ಸಂಘದ ಬಳಿ ರಸೀದಿ ಪುಸ್ತಕವಿರುತ್ತದೆ.

ವಿದೇಶಿ ಪ್ರತಿಷ್ಠಾನವೊಂದು ನೇರವಾಗಿ ಹಣ ಕೊಡುತ್ತದೆ ಎಂದಾದರೆ ದಾರಿ ಬೇರೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿದಿದೆ. ‘ನಗರದ ಸಂಸ್ಥೆ ಹಣ ಪಡೆದು ಊರಿನ ಮಹಿಳಾ ಸಂಘಕ್ಕೆ ಉಪ ಅನುದಾನ ಕೊಡುತ್ತದೆ’ ಎಂಬ ಸಾಲು ಹಳೆಯ ಅರ್ಜಿಗಳಲ್ಲಿ ಧಾರಾಳವಾಗಿದೆ. ಅದನ್ನು ನಕಲು ಮಾಡಿದರೆ ಕಾನೂನಿನ ಕೈಗೆ ಸಿಕ್ಕಿಬೀಳುತ್ತೀರಿ. ಕೆಲಸಕ್ಕೆ ಸಂಭಾವನೆ ಕೊಡುವುದಕ್ಕೂ ಅನುದಾನ ವರ್ಗಾಯಿಸುವುದಕ್ಕೂ ಇರುವ ಗೆರೆ ಎಲ್ಲಿದೆ ಎಂದು ಲೆಕ್ಕಪರಿಶೋಧಕರಿಂದ ಮೊದಲೇ ತಿಳಿದುಕೊಳ್ಳಿ.

ಇನ್ನೊಂದು ಮಾತು. ಅನುದಾನದ ಎರಡನೆಯ ಕಂತು ಬರುವುದು ಮೊದಲ ಕಂತು ಹೇಗೆ ಖರ್ಚಾಯಿತು ಎಂಬ ಬಳಕೆ ಪ್ರಮಾಣಪತ್ರ ಹೋದ ಮೇಲೆ. ನಡುವೆ ತಿಂಗಳುಗಳು ಉರುಳುತ್ತವೆ. ಊರಿನವರಿಗೆ ಕೊಡಬೇಕಾದದ್ದನ್ನು ಮೊದಲ ಕಂತಿನಲ್ಲೇ ತೆಗೆದಿಡಿ. ಕಾಯುವ ಸರದಿ ನಿಮ್ಮ ಲ್ಯಾಪ್‌ಟಾಪಿಗಿರಲಿ.

ಉಪಕರಣದ ಸಾಲಿನಲ್ಲಿ ಉಳಿತಾಯ ಮಾಡಲು ಹೋಗಿ ಆನ್‌ಲೈನಿನಲ್ಲಿ ಸಿಗುವ ಪೆನ್ನಿನಾಕಾರದ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯುವ ಸಾಧನ) ಬರೆಯಬೇಡಿ. ಅದು ಕುಡಿಯುವ ನೀರಿಗೆ ಮಾಡಿದ್ದು. ಸಾಮಾನ್ಯವಾಗಿ ಲೀಟರಿಗೆ ಸುಮಾರು 10 ಗ್ರಾಂ ಉಪ್ಪಿಗೇ ಅದರ ಅಳತೆ ಮುಗಿಯುತ್ತದೆ. ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಇರುತ್ತದೆ. ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡುವ ರಿಫ್ರಾಕ್ಟೋಮೀಟರ್ ಸಾಕು, ಬ್ಯಾಟರಿಯೂ ಬೇಡ. ಹಾಗೆಯೇ ಶುಲ್ಕ ಪಡೆದು ಅರ್ಜಿ ಬರೆದುಕೊಡುವ ಏಜೆನ್ಸಿಗಳ ಸಹವಾಸವೂ ಬೇಡ. ಅಂಥ ಒಂದು ಅರ್ಜಿಯಲ್ಲಿ ಕುಮಟಾದ ಕಡಲು ಬಂಗಾಳ ಕೊಲ್ಲಿಯಲ್ಲಿತ್ತು.

ಕ್ಯಾಲೆಂಡರ್ ಮತ್ತು ಮಾದರಿಗಳು

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬಂದರಿನಲ್ಲಿ ಬೂತಾಯಿ, ಬಂಗುಡೆ ತೂಗುವ ಕೆಲಸವನ್ನು ಜೂನ್‌ಗೆ ಹಾಕಿದ ಅರ್ಜಿ ನೋಡಿ ನಕ್ಕಿದ್ದೇನೆ. ಟ್ರಾಲ್ ಬೋಟಿನವರ ಜೊತೆ ಕೂತು ಮಾತನಾಡಲು ಮಾತ್ರ ಆ ಎರಡು ತಿಂಗಳಿಗಿಂತ ಒಳ್ಳೆಯ ಕಾಲವಿಲ್ಲ. ನಾಡದೋಣಿಯವರಿಗೆ ಅದೇ ದುಡಿಮೆಯ ಕಾಲ, ಅವರನ್ನು ಬೇರೆ ದಿನ ಕಾಣಿ.

ಹೊರದೇಶದ ಪಾಲುದಾರರ ಚೀಲಕ್ಕೆ ಎರಡು ಬಳಚನ್ನು ಹಾಕಿ ಕಳುಹಿಸುವ ಸಲಿಗೆ ಬೇಡ. ಜೈವಿಕ ಮಾದರಿ ದೇಶ ದಾಟುವುದಕ್ಕೆ 2002ರ ಜೀವವೈವಿಧ್ಯ ಕಾಯ್ದೆಯಿದೆ, ಚೆನ್ನೈಯಲ್ಲಿ ಅದರ ಪ್ರಾಧಿಕಾರವಿದೆ. ಸಾಧ್ಯವಾದಷ್ಟು ಪರೀಕ್ಷೆಗಳನ್ನು ಇಲ್ಲಿನ ಪ್ರಯೋಗಾಲಯದಲ್ಲೇ ಮಾಡುತ್ತೇವೆ ಎಂದು ಬರೆದರೆ ಅರ್ಧ ತಲೆನೋವು ಹೋಯಿತು.

ಸಲ್ಲಿಕೆ

ಗಡುವು ಯಾವ ದೇಶದ ಗಡಿಯಾರದ್ದು ಎಂದು ನೋಡಿಕೊಳ್ಳಿ. ಗ್ರೀನಿಚ್ ಸಮಯದ ಮಧ್ಯರಾತ್ರಿ ಎಂದಿದ್ದರೆ ನಮಗೆ ಐದೂವರೆ ಗಂಟೆ ಹೆಚ್ಚು ಸಿಗುತ್ತದೆ. ಅದನ್ನು ನಂಬಿ ಕೂರಬೇಡಿ. ಪ್ರಾಂಶುಪಾಲರ ಸಹಿ, ಮೊಹರು ಬೇಕಾದ ಪತ್ರವೊಂದು ಬಾಕಿ ಉಳಿದಿರುವುದು ಗೊತ್ತಾಗುವುದು ಸಾಮಾನ್ಯವಾಗಿ ಆ ಹೊತ್ತಿನಲ್ಲೇ.