ಕೋಚ್ ಇಲ್ಲದೆ ಮಕಾವ್: ಹನ್ನೊಂದು ಜನರನ್ನು ನಡೆಸಿಕೊಂಡು ಹೋದ ಅನುಭವ

ಹಾಂಕಾಂಗ್-ಮಕಾವ್‌ಗೆ ಗ್ರೂಪ್ ಕರೆದುಕೊಂಡು ಹೋಗುವವರ ಲೆಕ್ಕದಲ್ಲಿ, ಒಂದು ಕಾಲದ ಪೋರ್ಚುಗೀಸ್ ವಸಾಹತು ಮಕಾವ್ ಅಂದ್ರೆ ಅರ್ಧ ದಿನ. ಕೋಚ್ ಬಸ್ಸು ಹತ್ತಿಸು, ಸುಟ್ಟ ಚರ್ಚಿನ ಮುಂದೆ ಒಂದು ಫೋಟೊ, ಬಿಸ್ಕತ್ತಿನ ಅಂಗಡಿ, ಕ್ಯಾಸಿನೊ, ವಾಪಸ್. ನಾನೂ ಐದಾರು ವರ್ಷ ಹೀಗೇ ಮಾಡಿದವನು. "ಇನ್ಮೇಲೆ ಹಳೇ ಚರ್ಚುಗಳನ್ನು ನಡೆದೇ ತೋರಿಸ್ತೀನಿ, ಕೋಚೂ ಬೇಡ, ಗೈಡೂ ಬೇಡ" ಅಂದಾಗ ನನ್ನ ಲೈನಿನವರು ನಕ್ಕರು. "ಅರವತ್ತು ದಾಟಿದವರನ್ನು ಆ ಏರು ತಗ್ಗಿನ ಊರಲ್ಲಿ ನಡೆಸ್ತೀಯಾ? ದುಡ್ಡು ವಾಪಸ್ ಕೇಳ್ತಾರೆ ನೋಡು" ಅಂದರು. ಮೊದಲ ಸಲ ಹೆಚ್ಚೂ ಕಡಿಮೆ ಹಾಗೇ ಆಯಿತು. ಈಗ ನಾಲ್ಕು ಬ್ಯಾಚ್ ಮುಗಿದಿವೆ. ನಕ್ಕವರಲ್ಲಿ ಇಬ್ಬರು ಕಳೆದ ತಿಂಗಳು ಫೋನ್ ಮಾಡಿ ರೂಟ್ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಕೆಟ್ಟಿದ್ದನ್ನು ಮೊದಲು ಹೇಳಿಬಿಡುತ್ತೇನೆ.

ಮೊದಲ ಬ್ಯಾಚ್ ಇಟ್ಟುಕೊಂಡಿದ್ದು ಸೋಮವಾರ. ಎಂಥಾ ದಡ್ಡತನ! ಮಕಾವ್ ಮ್ಯೂಸಿಯಂ ಬಂದ್. ಗಿಯಾ ಗುಡ್ಡದ ಪುಟ್ಟ ಕೇಬಲ್ ಕಾರೂ ಬಂದ್. ಎಂಟು ಜನರನ್ನು ಗಿಯಾ ಗುಡ್ಡಕ್ಕೆ ನಡೆಸಿ ಹತ್ತಿಸಿದೆ. ಅರ್ಧ ದಾರಿಯಲ್ಲಿ ಒಬ್ಬ ಮೇಷ್ಟ್ರು ಕಲ್ಲುಬೆಂಚಿನ ಮೇಲೆ ಕೂತು, "ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ" ಅಂದವರು ಕೊನೆಗೂ ಏಳಲಿಲ್ಲ.

ಎರಡನೇ ಸಲ ಶನಿವಾರ ಮಧ್ಯಾಹ್ನ ಮೂರು ಗಂಟೆ. ಎಲ್ಲರ ಹಾಗೆ ಸೆನಾಡೊ ಚೌಕದಿಂದ ಮೇಲಕ್ಕೆ ಹೊರಟೆ. ಸೇಂಟ್ ಪಾಲ್ಸ್, ಅಂದರೆ ಆ ಸುಟ್ಟ ಚರ್ಚಿನ ಕಡೆ ಹೋಗುವ ಕಿರಿದಾದ ಬೀದಿ ವಾರದ ಕೊನೆಯಲ್ಲಿ ನಮ್ಮ ಜಾತ್ರೆಯ ತೇರುಬೀದಿಯೇ. ಎರಡೂ ಕಡೆ ಅಂಗಡಿಯವರು ಕತ್ತರಿಯಲ್ಲಿ ಒಣಮಾಂಸ ಕತ್ತರಿಸಿ ಕೈಗೆ ಕೊಡುತ್ತಾರೆ, ಪುಕ್ಕಟೆ ರುಚಿ ನೋಡೋಕೆ. ಶುದ್ಧ ಸಸ್ಯಾಹಾರಿ ಆಂಟಿಯೊಬ್ಬರು ಹುಣಸೆ ಕ್ಯಾಂಡಿ ಅಂದುಕೊಂಡು ಬಾಯಿಯ ಹತ್ತಿರ ತಂದಿದ್ದರು. ಹಾರಿ ಕೈ ಹಿಡಿದೆ. ಅದು ಹಂದಿ. ಬಾದಾಮಿ ಬಿಸ್ಕತ್ತು ಕೂಡ ಕೇಳಿಯೇ ಕೊಳ್ಳಬೇಕು, ಕೆಲವದರ ಒಳಗೆ ಹಂದಿ ಮಾಂಸ ಇರುತ್ತದೆ. ಅಷ್ಟರಲ್ಲಿ ಮಳೆ. ಪೋರ್ಚುಗೀಸರ ಶೈಲಿಯ ಆ ಕಪ್ಪು-ಬಿಳಿ ಅಲೆ ಚಿತ್ತಾರದ ಕಲ್ಲುಹಾಸು ನೋಡಲು ಚೆಂದ, ನೆನೆದರೆ ಸೋಪು. ಒಬ್ಬರು ಜಾರಿದರು. ಮಣಿಕಟ್ಟು ಊದಿತು, ಪುಣ್ಯಕ್ಕೆ ಮುರಿಯಲಿಲ್ಲ. ಅವತ್ತು ಪ್ರತಿಯೊಬ್ಬರಿಗೂ ಎರಡು ಸಾವಿರ ರೂಪಾಯಿ ವಾಪಸ್ ಕೊಟ್ಟೆ. ಲಾಭ ಹೋಗಲಿ, ಕೈಯಿಂದಲೇ ಹೋಯಿತು.

ಆಮೇಲೆ ಒಬ್ಬನೇ ಹೋಗಿ ಎರಡು ರಾತ್ರಿ ಉಳಿದೆ. ಆಗ ಹೊಳೆದದ್ದು ಇಷ್ಟು: ಎಲ್ಲರೂ ಕೆಳಗಿಂದ ಮೇಲಕ್ಕೆ ಹೋಗುವ ದಾರಿಯನ್ನು ನಾವು ಮೇಲಿಂದ ಕೆಳಕ್ಕೆ ಮಾಡಬೇಕು. ಅದೂ ವಾರದ ಮಧ್ಯೆ, ಬೆಳಿಗ್ಗೆ ಏಳೂವರೆಗೆ. ಹಾಂಕಾಂಗಿನಿಂದ ಅದೇ ದಿನ ಬಂದು ಹೋಗುವವರಿಗೆ ಇದು ಆಗದ ಮಾತು. ಒಂದು ರಾತ್ರಿ ಮಕಾವ್‌ನ ಹಳೇ ಊರಲ್ಲೇ ಉಳಿಯಬೇಕು. ಶನಿವಾರ ರೂಮಿನ ರೇಟು ಕೇಳಿದರೆ ತಲೆ ತಿರುಗುತ್ತದೆ. ಮಂಗಳವಾರ ಅದರ ಅರ್ಧಕ್ಕೆ ಸಿಗುತ್ತದೆ. ನನಗೆ ಇಬ್ಬರ ರೂಮು ಸುಮಾರು 650-700 ಹಾಂಕಾಂಗ್ ಡಾಲರಿಗೆ ಬಿತ್ತು.

ಮೂರನೆಯದು ಹನ್ನೊಂದು ಜನರ ಬ್ಯಾಚು. ಶಿವಮೊಗ್ಗದ ನಿವೃತ್ತ ಮೇಷ್ಟ್ರುಗಳು, ಮೈಸೂರಿನ ಎರಡು ಜೋಡಿ, ಮಂಗಳೂರಿನ ಕೊಂಕಣಿ ಮಾತಾಡುವ ಕ್ರೈಸ್ತ ದಂಪತಿ. ಹಾಂಕಾಂಗಿನಿಂದ ಸೇತುವೆ ಮೇಲೆ ಬರುವ ಬಸ್ಸಿಗೆ ತಲೆಗೆ 65 ಹಾಂಕಾಂಗ್ ಡಾಲರ್. ಫೆರಿಗಿಂತ ಎಷ್ಟೋ ಅಗ್ಗ, ಹೊಟ್ಟೆ ತೊಳಸುವುದೂ ಇಲ್ಲ. ಮೊದಲ ದಿನ ಮಧ್ಯಾಹ್ನ ಗಿಯಾ. ಈ ಸಲ ಕೇಬಲ್ ಕಾರ್ ಓಡುತ್ತಿತ್ತು, ಎರಡೋ ಮೂರೋ ಪಟಾಕಾ (ಮಕಾವ್‌ನ ದುಡ್ಡು). ಮೇಲೆ ಇಳಿದ ಮೇಲೂ ಹದಿನೈದು ನಿಮಿಷ ನಡೆಯಬೇಕು, ಇದನ್ನು ಮೊದಲೇ ಹೇಳಿಬಿಡಿ. 1865ರ ದೀಪಸ್ತಂಭದ ಪಕ್ಕದಲ್ಲೇ ಪುಟ್ಟ ಪ್ರಾರ್ಥನಾ ಮಂದಿರ. ಗೋಡೆಯ ಸುಣ್ಣದ ಕೆಳಗೆ ಮುಚ್ಚಿಹೋಗಿದ್ದ ಚಿತ್ರಗಳು 1990ರ ದಶಕದಲ್ಲಿ ದುರಸ್ತಿ ಮಾಡುವಾಗ ಸಿಕ್ಕಿದವು. ಕ್ರೈಸ್ತ ಕಥೆ, ಚೀನೀ ಕೈಚಳಕ. ಒಳಗೆ ಫೋಟೊ ತೆಗೆಯೋಕೆ ಬಿಡುವುದಿಲ್ಲ. ಅದರಿಂದ ನಮಗೇ ಒಳ್ಳೆಯದಾಯಿತು, ಜನ ಕಣ್ಣಲ್ಲಿ ನೋಡಿದರು.

ಮರುದಿನ ಏಳೂವರೆಗೆ ಸೇಂಟ್ ಪಾಲ್ಸ್. ಕೆಳಗಿಂದ ಅರವತ್ತಕ್ಕೂ ಹೆಚ್ಚು ಮೆಟ್ಟಿಲು ಹತ್ತಲೇ ಇಲ್ಲ. ಹಿಂದಿನ ಓಣಿಯಿಂದ ಸೀದಾ ಮುಂಗೋಡೆಯ ಮಟ್ಟಕ್ಕೇ ಬಂದೆವು. ಯಾವ ಓಣಿ ಅಂತ ಕೇಳಬೇಡಿ, ಅದು ನನ್ನ ಅನ್ನ. ಸೇಂಟ್ ಆಂಟನಿ ಚರ್ಚಿನ ಕಡೆಯಿಂದ ಅಂತ ಮಾತ್ರ ಹೇಳುತ್ತೇನೆ.

ಅಲ್ಲಿ ನಾವು ಹನ್ನೊಂದು ಜನ, ಕಸ ಗುಡಿಸುವ ಒಬ್ಬ ಅಜ್ಜಿ, ತೈ ಚಿ ಮಾಡುವ ಇಬ್ಬರು. 1835ರಲ್ಲಿ ಬೆಂಕಿಗೆ ಇಡೀ ಚರ್ಚು ಹೋಗಿ ಈ ಗೋಡೆಯೊಂದು ಉಳಿಯಿತು. ಕೋಚಿನವರು ಹತ್ತು ನಿಮಿಷ ಕೊಡುವ ಜಾಗ ಇದು. ನಾನು ಮುಕ್ಕಾಲು ಗಂಟೆ ಕೊಟ್ಟೆ, ಗೋಡೆಯನ್ನು ಪುಸ್ತಕದ ಹಾಗೆ ಓದಿಸಿದೆ. ಐದು ಅಂತಸ್ತು. ಬಲಗಡೆ ಏಳು ತಲೆಯ ಹಾವು, ಅದರ ಮೇಲೆ ಮೇರಿ ಮಾತೆ, ಪಕ್ಕದಲ್ಲಿ ಚೀನೀ ಅಕ್ಷರ. ಇನ್ನೊಂದು ಕಡೆ ಪೋರ್ಚುಗೀಸ್ ಹಡಗು. ಜಪಾನಿನಿಂದ ಓಡಿಬಂದ ಕ್ರೈಸ್ತ ಕುಶಲಕರ್ಮಿಗಳೂ ಇಲ್ಲಿಯವರೂ ಸೇರಿ ಕೆತ್ತಿದ್ದು. ಅದಕ್ಕೇ ಚೀನಾದ ಪಿಯೋನಿ, ಜಪಾನಿನ ಸೇವಂತಿಗೆ ಎರಡೂ ಇವೆ. ಮೇಷ್ಟ್ರೊಬ್ಬರು ಹಾವನ್ನೇ ನೋಡುತ್ತಾ, "ಕಾಳಿಂಗ ಮರ್ದನ ಕಣಯ್ಯಾ ಇದು" ಅಂದರು. ಮಂಗಳೂರಿನ ಆಂಟಿ ನಕ್ಕರೇ ಹೊರತು ಬೇಡ ಅನ್ನಲಿಲ್ಲ.

ಪಕ್ಕದ ಮೊಂಟೆ ಕೋಟೆಗೆ ಕಾಲು ಗಟ್ಟಿ ಇದ್ದ ಆರು ಜನ ಮಾತ್ರ. 1622ರಲ್ಲಿ ಡಚ್ಚರು ನುಗ್ಗಿದಾಗ ಇಲ್ಲಿಂದ ಹಾರಿಸಿದ ಗುಂಡು ಅವರ ಮದ್ದಿನ ಪೀಪಾಯಿಗೇ ಬಿತ್ತಂತೆ. ಹಾರಿಸಿದ್ದು ಒಬ್ಬ ಜೆಸ್ಯೂಟ್ ಪಾದ್ರಿ ಅನ್ನುತ್ತಾರೆ.

ಆಮೇಲೆ ಇಳಿಯೋದು. ಇಡೀ ಜಗತ್ತು ಹತ್ತುವ ಮೆಟ್ಟಿಲನ್ನು ನಾವು ಆರಾಮಾಗಿ ಇಳಿದೆವು. ಒಣಮಾಂಸದ ಅಂಗಡಿಗಳ ಬಾಗಿಲು ಇನ್ನೂ ಪೂರ್ತಿ ತೆರೆದಿರಲಿಲ್ಲ, ಅದೂ ಲೆಕ್ಕ ಹಾಕಿಯೇ ಮಾಡಿದ್ದು. ಸೇಂಟ್ ಡೊಮಿನಿಕ್ ಹಳದಿ ಚರ್ಚು ಹತ್ತಕ್ಕೆ ತೆರೆಯುವ ತನಕ ಚೌಕದಲ್ಲಿ ತಿಂಡಿ: ರಾತ್ರಿಯೇ ರೂಮಲ್ಲಿ ಕಟ್ಟಿಸಿದ ಬ್ರೆಡ್ಡು, ಬಾಳೆಹಣ್ಣು, ಒಬ್ಬರ ಬ್ಯಾಗಿನಿಂದ ಬಂದ ಚಟ್ನಿಪುಡಿ.

ಆಟ ಶುರುವಾದದ್ದು ಇಲ್ಲಿ. ಬೀದಿಯ ಹೆಸರುಗಳೆಲ್ಲ ನೀಲಿ-ಬಿಳಿ ಟೈಲ್ಸಿನಲ್ಲಿ, ಪೋರ್ಚುಗೀಸಲ್ಲಿ, ಚೀನಿಯಲ್ಲಿ. ಮಂಗಳೂರಿನ ಆಂಟಿ 'ಇಗ್ರೆಜಾ' (ಚರ್ಚು) ಅನ್ನುವ ಬೋರ್ಡು ನೋಡಿ ನಿಂತುಬಿಟ್ಟರು. "ಇದು ನಮ್ಮ ಇಗರ್ಜಿ ಅಲ್ವಾ!" ಅಷ್ಟೇ, ಎಲ್ಲರೂ ಶುರು ಮಾಡಿದರು. ಪಾದ್ರಿ, ಮೇಜು, ಚಾವಿ, ಬಟಾಟೆ, ಅನಾನಸು. ಪೋರ್ಚುಗೀಸರು ನಮ್ಮ ಬಾಯಲ್ಲಿ ಬಿಟ್ಟುಹೋದ ಮಾತುಗಳ ಪಟ್ಟಿ ಹೊಟೇಲಿಗೆ ಬರುವ ತನಕ ಬೆಳೆಯಿತು. ಮುಂದಿನ ಬ್ಯಾಚಲ್ಲಿ ಇದನ್ನೇ ಸ್ಪರ್ಧೆ ಮಾಡಿದೆ, ಚೆನ್ನಾಗಿ ಆಗಲಿಲ್ಲ. ಬಹುಮಾನ ಇಟ್ಟ ತಕ್ಷಣ ಜನ ಫೋನಲ್ಲಿ ಹುಡುಕುತ್ತಾರೆ.

ಚೌಕದ ಆ ಕಡೆ ಮತ್ತೆ ಸ್ವಲ್ಪ ಏರು, ತಪ್ಪಿಸೋಕೆ ಆಗಲ್ಲ. ಸೇಂಟ್ ಅಗಸ್ಟೀನ್ ಹತ್ತಿರ ಹಸಿರು ಬಣ್ಣದ ಥಿಯೇಟರಿನ ನೆರಳಲ್ಲಿ ಕೂರಿಸಿದೆ. ಆಮೇಲೆ ಸೇಂಟ್ ಜೋಸೆಫ್ ಸೆಮಿನರಿ ಚರ್ಚು. ನನ್ನ ಪ್ರಕಾರ ಮಕಾವ್‌ನಲ್ಲಿ ಒಂದೇ ಚರ್ಚು ನೋಡಬೇಕು ಅಂದರೆ ಇದು. ಕೋಚ್ ಗ್ರೂಪು ಒಂದೂ ಕಂಡಿಲ್ಲ ನನಗೆ. ಒಳಗೆ ಸೇಂಟ್ ಫ್ರಾನ್ಸಿಸ್ ಕ್ಸೇವಿಯರ್ ಅವರ ತೋಳಿನ ಮೂಳೆ ಇದೆ. ಅವರು 1552ರಲ್ಲಿ ತೀರಿಕೊಂಡಿದ್ದು ಇದೇ ಚೀನಾ ಕರಾವಳಿಯ ಒಂದು ದ್ವೀಪದಲ್ಲಿ. ದೇಹ ಹಳೇ ಗೋವಾದ ಬೊಮ್ ಜೀಸಸ್ ಚರ್ಚಿನಲ್ಲಿ. ಮುಂಗೈ 1614ರಲ್ಲಿ ರೋಮಿಗೆ ಹೋಯಿತು. ಮಂಗಳೂರಿನ ದಂಪತಿ ಗೋವಾದಲ್ಲಿ ದರ್ಶನ ಮಾಡಿದ್ದವರು. ಆಂಟಿ ಚಪ್ಪಲಿ ಬಿಟ್ಟರು. ಅಲ್ಲಿ ಬಿಡಬೇಕಾಗಿಯೇ ಇಲ್ಲ, ಆದರೂ ಬಿಟ್ಟರು. ಸೆರಗು ತಲೆ ಮೇಲೆ ಎಳೆದುಕೊಂಡು ಗಾಜಿನ ಮುಂದೆ ಹತ್ತು ನಿಮಿಷ. ಹಿಂದೆ ನಿಂತ ಶಿವಮೊಗ್ಗದ ಮೇಷ್ಟ್ರೂ ಕೈ ಮುಗಿದರು.

ಸೇಂಟ್ ಲಾರೆನ್ಸ್ ಚರ್ಚನ್ನು ಬೇಗ ಮುಗಿಸಿದೆವು. ಸಮುದ್ರಕ್ಕೆ ಹೋದವರ ಮನೆಯವರು ಅದರ ಮೆಟ್ಟಿಲ ಮೇಲೆ ನಿಂತು ಹಡಗಿಗೆ ಕಾಯುತ್ತಿದ್ದರಂತೆ. ಅಲ್ಲಿಂದ ಮುಂದೆ ಮೂರಿಶ್ ಬ್ಯಾರಕ್ಸ್. ಹಳದಿ-ಬಿಳಿ ಕಮಾನುಗಳ ಉದ್ದನೆ ವರಾಂಡ. 1874ರಲ್ಲಿ ಕಟ್ಟಿದ್ದು ಯಾರಿಗೆ ಗೊತ್ತಾ? ಮಕಾವ್ ಪೊಲೀಸರ ಬಲ ಹೆಚ್ಚಿಸಲು ಗೋವಾದಿಂದ ಕರೆಸಿದ ಭಾರತೀಯ ಸಿಪಾಯಿಗಳಿಗೆ. ಈಗ ಸರ್ಕಾರಿ ಕಚೇರಿ, ವರಾಂಡ ನೋಡಬಹುದು. ಗೋಡೆ ಮುಟ್ಟಿ ಫೋಟೊ ತೆಗೆಸಿಕೊಂಡವರೇ ಎಲ್ಲ. ಕೊನೆಗೆ ಆ-ಮಾ ದೇವಸ್ಥಾನ. ಊದುಕಡ್ಡಿಯ ಹೊಗೆ ಮೂಗಿಗೆ ಬಿದ್ದಾಗ ಮೈಸೂರಿನವರ ಮುಖ ಅರಳಿತು. ಒಟ್ಟು ಎರಡೂವರೆ-ಮೂರು ಕಿಲೋಮೀಟರ್ ಇರಬಹುದು. ನಮಗೆ ಆರು ಗಂಟೆ ಹಿಡಿಯಿತು.

ಇನ್ನು ದುಡ್ಡು. ಕೋಚು, ಗೈಡು ಸೇರಿ ನನಗೆ ಬಂದಿದ್ದ ಕೊಟೇಶನ್ 4,500 ಡಾಲರಿನ ಆಸುಪಾಸು. ತಲೆಗೆ 400 ಚಿಲ್ಲರೆ, ನಮ್ಮ ದುಡ್ಡಲ್ಲಿ ನಾಲ್ಕೂವರೆ ಸಾವಿರ. ಚರ್ಚುಗಳಿಗೆ ಟಿಕೆಟ್ಟಿಲ್ಲ. ಊರ ಬಸ್ಸಿಗೆ 6 ಪಟಾಕಾ. ಬಸ್ಸಲ್ಲಿ ಚಿಲ್ಲರೆ ವಾಪಸ್ ಕೊಡಲ್ಲ! ಮೊದಲ ಸಲ ಒಬ್ಬೊಬ್ಬರೂ ಹತ್ತರ ನೋಟು ಹಾಕಿದ್ದೇ ಹಾಕಿದ್ದು. ಈಗ ಹಿಂದಿನ ರಾತ್ರಿಯೇ ನಾಣ್ಯ ಎಣಿಸಿ ಹಳೇ ಫಿಲ್ಮ್ ಡಬ್ಬಿಯಲ್ಲಿ ಹಾಕಿಕೊಳ್ಳುತ್ತೇನೆ. ಹಾಂಕಾಂಗ್ ಡಾಲರ್ ಎಲ್ಲ ಕಡೆ ನಡೆಯುತ್ತೆ, ಆದರೆ ಒಂದಕ್ಕೊಂದು ಲೆಕ್ಕ, ನೂರಕ್ಕೆ ಮೂರು ನಿಮ್ಮ ಕೈ ಬಿಡುತ್ತದೆ. ಚಿಲ್ಲರೆ ಬರೋದು ಪಟಾಕಾದಲ್ಲಿ, ಅದನ್ನು ಹಾಂಕಾಂಗಿನಲ್ಲಿ ಯಾರೂ ಮೂಸಿ ನೋಡಲ್ಲ. ನನ್ನ ಡ್ರಾಯರಿನಲ್ಲಿ ಇನ್ನೂ ನಾನೂರು ಪಟಾಕಾ ಇದೆ. ಗಡಿಯಿಂದ ಹೊಟೇಲಿಗೆ ಕ್ಯಾಸಿನೊ ಬಸ್ಸಲ್ಲಿ ಪುಕ್ಕಟೆ ಹೋಗೋದು ಹೇಗೆ ಅನ್ನೋದು ನಮ್ಮ ಲೈನಿನವರಿಗೆ ಹೇಳಬೇಕಾಗಿಲ್ಲ, ಅಲ್ವಾ.

ಮೂರನೇ ಬ್ಯಾಚಿಗೆ ಮಕಾವ್‌ನ ದಕ್ಷಿಣ ತುದಿಯ ಕೊಲೊಆನ್ ಸೇರಿಸಿ ನೋಡಿದೆ. ಅಲ್ಲಿ 1928ರ ಸೇಂಟ್ ಫ್ರಾನ್ಸಿಸ್ ಕ್ಸೇವಿಯರ್ ಪುಟ್ಟ ಚರ್ಚಿದೆ, ಆ ಮೂಳೆ ಹಿಂದೆ ಕೆಲಕಾಲ ಇದ್ದದ್ದು ಅಲ್ಲೇ. ಬಸ್ಸಲ್ಲಿ ಬಹಳ ಹೊತ್ತು ನಿಂತೇ ಹೋಗಬೇಕಾಯಿತು. ಇಳಿದವರೇ ಎಲ್ಲರೂ ಎಗ್ ಟಾರ್ಟ್ ಅಂಗಡಿಯ ಸಾಲಿಗೆ ಹೋದರು. ಮೊಟ್ಟೆ ತಿನ್ನದ ನಾಲ್ವರು ನನ್ನ ಮುಖ ನೋಡುತ್ತಾ ಸಮುದ್ರದ ದಂಡೆಯ ಕಟ್ಟೆ ಮೇಲೆ ಕೂತರು. ಚರ್ಚಿಗೆ ಸಿಕ್ಕಿದ್ದು ಹತ್ತು ನಿಮಿಷ. ಈ ಫೆಬ್ರವರಿಗೆ ಅದನ್ನು ಕೈಬಿಟ್ಟಿದ್ದೇನೆ. ಒಂಬತ್ತು ಜನ ಅಡ್ವಾನ್ಸ್ ಕೊಟ್ಟಾಗಿದೆ, ಹೊರಡೋದು ಮಂಗಳವಾರ.