ಗಾಯವಾದ ಮೇಲೆ ರಕ್ತದ ರಿಪೋರ್ಟ್ ಓದುವುದು ಹೇಗೆ?

ದಾವಣಗೆರೆ ಸುತ್ತಮುತ್ತ ಮೆಕ್ಕೆಜೋಳ ಒಕ್ಕುವ ಕಾಲ ಬಂತೆಂದರೆ ಮಷಿನ್‌ಗೆ ಕೈ ಕೊಟ್ಟು ಆಸ್ಪತ್ರೆಗೆ ಬರುವವರು ಇದ್ದದ್ದೇ. ಹೊಲಿಗೆ ಹಾಕಿದ ಮೇಲೆ ಸಿಆರ್‌ಪಿ (ಗಾಯ, ಸೋಂಕು ಇದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್), ಇಎಸ್‌ಆರ್ (ರಕ್ತದ ಕೆಂಪು ಕಣ ಒಂದು ಗಂಟೆಯಲ್ಲಿ ಕೊಳವೆಯಲ್ಲಿ ಎಷ್ಟು ಕೆಳಗೆ ಕೂರುತ್ತದೆ ಎಂಬ ಅಳತೆ) ಮಾಡಿಸಲು ಡಾಕ್ಟರು ಚೀಟಿ ಬರೆಯಬಹುದು. ರಿಪೋರ್ಟ್‌ನಲ್ಲಿ ದಪ್ಪ ಅಕ್ಷರದ ಅಂಕಿ ಕಂಡ ಕೂಡಲೇ ಗಾಬರಿ ಬೀಳಬೇಡಿ.

ಮೊದಲು ಗಾಯವಾಗಿ ಎಷ್ಟು ಹೊತ್ತಾಯಿತು ಅಂತ ಲೆಕ್ಕ ಹಾಕಿ. ಪೆಟ್ಟು ಬಿದ್ದ ಸುದ್ದಿ ಮುಟ್ಟಿದರೆ ಲಿವರ್ ಸಿಆರ್‌ಪಿ, ಫೈಬ್ರಿನೋಜೆನ್‌ನಂಥ ಪ್ರೋಟೀನನ್ನು ಜಾಸ್ತಿ ಮಾಡುತ್ತದೆ, ಆಲ್ಬುಮಿನ್ ಎಂಬ ಇನ್ನೊಂದು ಪ್ರೋಟೀನನ್ನು ಕಡಿಮೆ ಮಾಡುತ್ತದೆ. ಸಿಆರ್‌ಪಿ ಸುಮಾರು 6 ಗಂಟೆಯಲ್ಲಿ ಏರತೊಡಗಿ 2 ದಿನದ ಹೊತ್ತಿಗೆ ತುದಿ ಮುಟ್ಟುತ್ತದೆ. ಇಎಸ್‌ಆರ್ ಇಳಿಯಲು ವಾರಗಳೇ ಬೇಕು.

ಆಮೇಲೆ ರಿಪೋರ್ಟ್ ಯಾರದ್ದು ನೋಡಿ. ಇಎಸ್‌ಆರ್‌ಗೆ ಒಂದು ಅಂದಾಜು ಲೆಕ್ಕವಿದೆ: ಗಂಡಸಾದರೆ ವಯಸ್ಸಿನ ಅರ್ಧ, ಹೆಂಗಸಾದರೆ ವಯಸ್ಸಿಗೆ 10 ಕೂಡಿಸಿ ಅರ್ಧ. 40 ವರ್ಷದ ಗಂಡ ಹೆಂಡತಿ ಇಬ್ಬರಿಗೂ 24 ಬಂದಿದೆ ಅನ್ನಿ. ಅವಳ ಮಿತಿ 25, ಅವನದು 20. ಅವಳಿಗೆ ಸರಿ, ಅವನಿಗೆ ತುಸು ಹೆಚ್ಚು. ಫೈಬ್ರಿನೋಜೆನ್ ಏರಿದರೆ ಇಎಸ್‌ಆರ್ ಕೂಡ ಏರುತ್ತದೆ; ಬಸುರಿಯರಲ್ಲಿ ಅದು ತಾನಾಗಿಯೇ ಏರಿರುವುದರಿಂದ ಈ ಲೆಕ್ಕ ನಡೆಯುವುದಿಲ್ಲ.

ಇನ್ನು ಮಾತ್ರೆಯ ವಿಷಯ. ಜನ ಹೇಳದೆ ಬಿಡುವುದೇ ಇದನ್ನು. ಮಾಲಾ-ಎನ್‌ನಂಥ ಗರ್ಭನಿರೋಧಕ ಮಾತ್ರೆಯಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಇರುತ್ತದೆ. ನುಂಗಿದ್ದು ಕರುಳಿನಿಂದ ನೇರ ಲಿವರ್‌ಗೆ ಹೋಗುತ್ತದೆ. ಗಾಯವೇ ಇಲ್ಲದಿದ್ದರೂ ಸಿಆರ್‌ಪಿ ಏರಬಹುದು. ಮುಟ್ಟು ನಿಂತವರಿಗೆ ಈಸ್ಟ್ರೋಜನ್ನನ್ನು ಚರ್ಮಕ್ಕೆ ಅಂಟಿಸುವ ಪಟ್ಟಿಯಾಗಿ ಕೊಟ್ಟರೆ ಹಾಗೆ ಏರುವುದಿಲ್ಲ. “ಯಾವ್ದಾದ್ರೂ ಮಾತ್ರೆ ತಗೋತಿದ್ದೀಯೇನಮ್ಮ?” ಎಂದು ಡಾಕ್ಟರು ಕೇಳಿದಾಗ, ಪಕ್ಕದಲ್ಲಿ ಅತ್ತೆ ಇದ್ದಾರೆಂದು ಸುಮ್ನೆ ಇಲ್ಲ ಅನ್ನುವವರೂ ಇರುತ್ತಾರೆ ಅಲ್ವಾ? ಬಾಯಲ್ಲಿ ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದುಕೊಡಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಗಂಡು ಹೆಣ್ಣಿನ ವ್ಯತ್ಯಾಸದ ಮಾತು ಬಂತಲ್ಲ, ಸಿರಿಯನ್ ಹ್ಯಾಮ್‌ಸ್ಟರ್ ಅಂತ ಇಲಿಜಾತಿಯ ಪ್ರಾಣಿಯೊಂದಿದೆ. ಅದರ ಹೆಣ್ಣಿನ ರಕ್ತದಲ್ಲಿ ಧಾರಾಳವಾಗಿರುವ ಒಂದು ಪ್ರೋಟೀನ್ ಗಂಡಿನಲ್ಲಿ ತೀರಾ ಕಡಿಮೆ. ಗಾಯವಾದರೆ ಗಂಡಿನಲ್ಲಿ ಅದು ಏರುತ್ತದೆ, ಹೆಣ್ಣಿನಲ್ಲಿ ಇಳಿಯುತ್ತದೆ! ನಮ್ಮಲ್ಲಿ ವ್ಯತ್ಯಾಸ ಇಷ್ಟು ಜೋರಾಗಿಲ್ಲ, ಪುಣ್ಯ.

ಎರಡನೇ ಸಲ ಅದೇ ಲ್ಯಾಬ್‌ನಲ್ಲೇ ಮಾಡಿಸಿ. ಸಿಆರ್‌ಪಿ ಒಂದು ಕಡೆ ಲೀಟರ್ ಲೆಕ್ಕ, ಇನ್ನೊಂದು ಕಡೆ ಡೆಸಿಲೀಟರ್ (ಲೀಟರಿನ ಹತ್ತನೇ ಒಂದು ಭಾಗ) ಲೆಕ್ಕವಾದರೆ ಅಂಕಿ 10 ಪಟ್ಟು ಬೇರೆಯಾಗಿ ಕಾಣುತ್ತದೆ. ಮೂರನೇ ದಿನ ಕಳೆದರೂ ಸಿಆರ್‌ಪಿ ಏರುತ್ತಲೇ ಇದ್ದರೆ ಡಾಕ್ಟರಿಗೆ ತೋರಿಸಿ. ಗಾಯ ಕೆಂಪಾಗಿ ಊದಿಕೊಂಡು ಕೀವು ಕಂಡರೆ ರಿಪೋರ್ಟ್‌ಗೂ ಕಾಯಬೇಡಿ.